ಬರ್ಲಿನ್ ಬಳಿಯ ನಮ್ಮವರ ಸಮಾಧಿಗಳು

ಮೊನ್ನೆ ಶನಿವಾರ ಬರ್ಲಿನ್ನಿನಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ವ್ಯೂನ್ಸ್‌ಡಾರ್ಫ್‌ಗೆ ಹೋಗಿದ್ದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಕಾದಾಡಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳನ್ನು ಜರ್ಮನ್ನರು ಇಲ್ಲಿನ 'ಅರ್ಧಚಂದ್ರ ಶಿಬಿರ'ದಲ್ಲಿ ಇಟ್ಟಿದ್ರು. 1915ರಲ್ಲಿ ಮುಸ್ಲಿಂ ಕೈದಿಗಳಿಗೆ ಮರದ ಮಸೀದಿಯನ್ನೂ ಕಟ್ಟಿಸಿಕೊಟ್ರು. ಪ್ರೀತಿಯಿಂದಲ್ಲ, ಬ್ರಿಟಿಷರ ವಿರುದ್ಧ ತಿರುಗಿಸೋಕೆ!

ಉಪಚಾರ ಏನೇ ಇರಲಿ, ಚಳಿ, ಕ್ಷಯ ಬಿಡಲಿಲ್ಲ. ಪಕ್ಕದ ಝೆರೆನ್ಸ್‌ಡಾರ್ಫ್ ಸ್ಮಶಾನದಲ್ಲಿ 206 ಭಾರತೀಯರ ನೆನಪಿದೆ. ಮುಂದೆ ಸೋವಿಯತ್ ಸೇನೆಯ ತಾಲೀಮು ಮೈದಾನಕ್ಕೆ ಸೇರಿ ಹಾಳುಬಿದ್ದಿದ್ದ ಈ ಜಾಗವನ್ನು 2005ರ ಹೊತ್ತಿಗೆ ಮತ್ತೆ ಸರಿಪಡಿಸಿದರು.

ಸೋಜಿಗ ಅಂದ್ರೆ, ಕೈದಿಗಳ ಮಾತು, ಹಾಡುಗಳನ್ನು ಜರ್ಮನ್ ಭಾಷಾತಜ್ಞರು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಟ್ಟರು; ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇವತ್ತಿಗೂ ಇವೆ. 1916ರಲ್ಲಿ ಮಾಲ್ ಸಿಂಗ್ ಎಂಬ ಸಿಪಾಯಿ ಊರಲ್ಲಿ ತಿಂದ ಬೆಣ್ಣೆಯನ್ನು ನೆನೆದಿದ್ದಾನೆ.

ರಜೆ ಸಿಕ್ಕರೆ ಊರಿಗೆ ಹಾರುವ ನಾನು ಆ ಕಲ್ಲುಗಳ ಮುಂದೆ ಸುಮ್ಮನೆ ನಿಂತೆ. ಈ ಕಡೆ ಬಂದ್ರೆ ನೀವೂ ಒಮ್ಮೆ ಹೋಗಿಬನ್ನಿ.