ಮೊಬೈಲ್ ಫೋನಿನ ಅಪಾಯ ಎಲ್ಲಿದೆ?

ಭಾರತಕ್ಕೆ ಮೊಬೈಲ್ ಫೋನು ಬಂದದ್ದು 1995ರಲ್ಲಿ. ಜನರನ್ನು ಬಹುಕಾಲ ಕಾಡಿದ್ದು ಅದರ ತರಂಗಗಳ ಭಯ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅವನ್ನು ‘ಕ್ಯಾನ್ಸರ್ ತರಬಹುದಾದವು’ ಎಂಬ ಪಟ್ಟಿಗೆ ಸೇರಿಸಿತು. ತರುತ್ತವೆಂದು ಖಚಿತವಾಗಿ ಹೇಳಲಿಲ್ಲ. 2012ರಲ್ಲಿ ಕೇಂದ್ರ ಸರ್ಕಾರ ಮೊಬೈಲ್ ಗೋಪುರಗಳ ವಿಕಿರಣದ ಮಿತಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿತು.

ರಾಮನಗರ ಸೀಮೆ ಕಣ್ಣಾರೆ ಕಂಡ ಅಪಾಯ ಬೇರೆ ಬಗೆಯದು. 2017ರ ಸೆಪ್ಟೆಂಬರಿನಲ್ಲಿ ಕನಕಪುರದ ಕಡೆಯ ರಾವುಗೋಡ್ಲು ಬೆಟ್ಟದ ಕಲ್ಯಾಣಿಯಲ್ಲಿ ಬೆಂಗಳೂರಿನ ವಿದ್ಯಾರ್ಥಿಯೊಬ್ಬ ಮುಳುಗಿ ಸತ್ತ. ಅದೇ ನೀರಿನಲ್ಲಿದ್ದ ಗೆಳೆಯರು ಆಗ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವನು ಮುಳುಗುತ್ತಿದ್ದುದು ಅವರ ಕಣ್ಣಿಗೆ ಬಿದ್ದದ್ದು ಆಮೇಲೆ, ಚಿತ್ರದಲ್ಲಿ.

ತರಂಗಗಳ ವಾದ ಇನ್ನೂ ನಡೆಯಲಿ. ನೀರಿಗಿಳಿದವರ ಮೇಲೆ ದಡದಲ್ಲೊಬ್ಬರ ಕಣ್ಣಿರಬೇಕು. ಆ ಕಣ್ಣನ್ನು ಫೋನು ಕಸಿದುಕೊಳ್ಳದಂತೆ ಕಾಯುವುದು ನಮ್ಮ ಕೈಯಲ್ಲೇ ಇದೆ.