ಹಳೆ ಗೋವಾದ ‘ದೊಡ್ಡ ಮನೆ’ ಮತ್ತು ನಾಸ್ತಿಕ ಗೆಳೆಯನ ಪ್ರಶ್ನೆ



ಹಳೆ ಗೋವಾಕ್ಕೆ ಯಾತ್ರೆ ಹೋದ ನಮ್ಮ ಹುಡುಗನೊಬ್ಬ ಬೊಮ್ ಜೀಸಸ್ ಬೆಸಿಲಿಕಾದ ಮುಂದೆ ನಿಂತು ತೆಗೆಸಿಕೊಂಡ ಫೋಟೊವನ್ನು ಸ್ಟೇಟಸ್‌ಗೆ ಹಾಕಿದ್ದ. ದೇವರನ್ನು ನಂಬದ ಅವನ ಕಾಲೇಜು ಗೆಳೆಯ ಅದಕ್ಕೆ ಹೀಗೆ ಬರೆದ: “ಇದೇ ಊರಲ್ಲಿ ನಿಮ್ಮವರು ದೇವರ ಹೆಸರಿನಲ್ಲಿ ಮನುಷ್ಯರನ್ನು ಸುಟ್ಟಿದ್ದಾರೆ. ದೇವರು ಇದ್ದಿದ್ದರೆ ಸುಮ್ಮನೆ ನೋಡುತ್ತಾ ಇರುತ್ತಿದ್ದನಾ?” ನಮ್ಮ ಹುಡುಗ “ಅದೆಲ್ಲ ಸುಳ್ಳು” ಎಂದು ಉತ್ತರಿಸಲು ಹೊರಟಿದ್ದ. ಅದಕ್ಕೆ ಮೊದಲು ನನ್ನನ್ನು ಕೇಳಿದ. ಕೇಳಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಅದು ಸುಳ್ಳಲ್ಲ.

ನಡೆದದ್ದೇನು?

ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಆರಂಭವಾಯಿತು. 1774ರಿಂದ ನಾಲ್ಕು ವರ್ಷ ನಿಂತಿದ್ದನ್ನು ಬಿಟ್ಟರೆ 1812ರವರೆಗೂ ಅದು ನಡೆಯಿತು. 16 ಸಾವಿರಕ್ಕೂ ಹೆಚ್ಚು ಮಂದಿ ಅದರ ಮುಂದೆ ನಿಂತರು. ದೀಕ್ಷಾಸ್ನಾನ ಪಡೆದ ಮೇಲೂ ಮನೆಯಲ್ಲಿ ಹಳೆಯ ಹಿಂದೂ ಆಚರಣೆ ಉಳಿಸಿಕೊಂಡರು ಎಂಬುದೇ ಅವರಲ್ಲಿ ಬಹಳ ಜನರ ಮೇಲಿದ್ದ ಆರೋಪ. ಸೆ ಕಥೆದ್ರಾಲಿನ ಬಳಿ ಇದ್ದ ಆ ನ್ಯಾಯಾಲಯದ ಕಟ್ಟಡವನ್ನು ಜನ ಕೊಂಕಣಿಯಲ್ಲಿ ‘ವ್ಹಡ್ಲೆಂ ಘರ್’, ಅಂದರೆ ದೊಡ್ಡ ಮನೆ ಎಂದು ಕರೆಯುತ್ತಿದ್ದರು. ಇಂದು ಆ ಕಟ್ಟಡ ಇಲ್ಲ. ನಮ್ಮ ಕರಾವಳಿಯ ಅನೇಕ ಕ್ರೈಸ್ತ ಕುಟುಂಬಗಳ ಹಿರಿಯರು ಗೋವಾ ಬಿಟ್ಟು ಕನ್ನಡ ನಾಡಿಗೆ ಬಂದುದಕ್ಕೆ ಬರ, ತೆರಿಗೆ, ಯುದ್ಧಗಳ ಜೊತೆಗೆ ಈ ಭಯವೂ ಒಂದು ಕಾರಣ.

ಒಬ್ಬರ ಕಥೆ ಕೇಳಿ. ಗಾರ್ಸಿಯಾ ದ ಓರ್ತಾ ಪೋರ್ಚುಗಲ್‌ನಿಂದ 1534ರಲ್ಲಿ ಭಾರತಕ್ಕೆ ಬಂದ ವೈದ್ಯರು. ಬಲವಂತವಾಗಿ ಕ್ರೈಸ್ತರಾಗಿದ್ದ ಯೆಹೂದ್ಯ ಮನೆತನ ಅವರದು. ನಮ್ಮ ನಾಡಿನ ಗಿಡಮೂಲಿಕೆಗಳ ಬಗ್ಗೆ ಅವರು ಬರೆದ ಗ್ರಂಥ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಯುರೋಪಿನ ವೈದ್ಯರು ಅದನ್ನು ಬಹುಕಾಲ ಓದಿದರು. ಓರ್ತಾ 1568ರಲ್ಲಿ ತೀರಿಕೊಂಡರು. ಮರುವರ್ಷ ಅವರ ತಂಗಿ ಕತರೀನಾಳನ್ನು, ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸುತ್ತಾಳೆಂದು, ಜೀವಂತ ಸುಟ್ಟರು. 1580ರಲ್ಲಿ ಓರ್ತಾ ಅವರ ಎಲುಬುಗಳನ್ನೂ ಸಮಾಧಿಯಿಂದ ತೆಗೆದು ಸುಟ್ಟರು. ಪಣಜಿಯಲ್ಲಿ ನಿಷ್ಕಳಂಕ ಮಾತೆಯ ದೇವಾಲಯದ ಎದುರಿನ ಉದ್ಯಾನಕ್ಕೆ ಇಂದು ಅವರದೇ ಹೆಸರು.

ಇನ್ನೂ ಕಷ್ಟದ ಒಂದು ಮಾತಿದೆ. ನಾವು ಯಾರ ದರ್ಶನಕ್ಕಾಗಿ ಹಳೆ ಗೋವಾಕ್ಕೆ ಹೋಗುತ್ತೇವೋ ಆ ಸಂತ ಫ್ರಾನ್ಸಿಸ್ ಝೇವಿಯರರೇ 1546ರಲ್ಲಿ ಪೋರ್ಚುಗಲ್ ದೊರೆಗೆ ಪತ್ರ ಬರೆದು ಈ ನ್ಯಾಯಾಲಯ ಬೇಕೆಂದು ಕೇಳಿದ್ದರು. ಅದು ಸ್ಥಾಪನೆಯಾಗುವ ಎಂಟು ವರ್ಷ ಮೊದಲೇ, 1552ರಲ್ಲಿ, ಅವರು ನಿಧನರಾದರು. ಆದರೂ ಕೇಳಿದ್ದು ನಿಜ. ಸಂತರೂ ತಮ್ಮ ಕಾಲದ ಕುರುಡಿನಿಂದ ಪೂರ್ತಿ ಪಾರಾಗಿರಲಿಲ್ಲ. ಶುಭಸಂದೇಶಗಳು ಪೇತ್ರರು ಮೂರು ಸಲ ಗುರುವನ್ನು ನಿರಾಕರಿಸಿದ್ದನ್ನು ಮುಚ್ಚಿಡಲಿಲ್ಲ. ನಾವೂ ಇದನ್ನು ಮುಚ್ಚಿಡಬೇಕಾಗಿಲ್ಲ.

ಹಾಗಾದರೆ ದೇವರಿಲ್ಲವೇ?

ಗೆಳೆಯನ ಮಾತಿನಲ್ಲಿ ಎರಡು ವಿಷಯ ಸೇರಿಕೊಂಡಿವೆ. ದೇವರನ್ನು ನಂಬಿದವರು ಕ್ರೂರಿಗಳಾದರು ಎಂಬುದು ಒಂದು. ಆದ್ದರಿಂದ ದೇವರಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ತಲೆಬಾಗಿ ಒಪ್ಪಬೇಕು. ಎರಡನೆಯದು ಅದರಿಂದ ಸಾಬೀತಾಗುವುದಿಲ್ಲ. ವೈದ್ಯನೊಬ್ಬ ವಿಷ ಕೊಟ್ಟನೆಂದು ಲೋಕದಲ್ಲಿ ಔಷಧವೇ ಇಲ್ಲ ಎನ್ನಲಾಗುವುದಿಲ್ಲ.

ಇನ್ನೊಂದನ್ನೂ ಗಮನಿಸಿ. ದೊಡ್ಡ ಮನೆಯಲ್ಲಿ ನರಳಿದವರು ಯಾರು? ಮನೆಯ ದೀಪವನ್ನು, ಹಬ್ಬವನ್ನು, ಹಿರಿಯರ ಪ್ರಾರ್ಥನೆಯನ್ನು ಬಿಡಲಾರದೆ ಸಿಕ್ಕಿಬಿದ್ದವರು ಅವರಲ್ಲಿ ಎಷ್ಟೋ ಮಂದಿ. ಫ್ರಾನ್ಸಿನ ವೈದ್ಯ ಶಾರ್ಲ್ ಡೆಲ್ಲೋನ್ ಅಲ್ಲಿ ಸೆರೆಯಲ್ಲಿದ್ದು, ಬಿಡುಗಡೆಯಾದ ಮೇಲೆ 1687ರಲ್ಲಿ ಪುಸ್ತಕ ಬರೆದು ಅಲ್ಲಿನ ಕ್ರೌರ್ಯವನ್ನು ಯುರೋಪಿಗೆ ತಿಳಿಸಿದರು. ಅವರೂ ಕಥೋಲಿಕರೇ. ನಂಬಿಕೆ ನ್ಯಾಯಾಧೀಶರ ಕಡೆ ಮಾತ್ರ ಇತ್ತು ಎಂದುಕೊಂಡರೆ, ಹಾಗೆ ನರಳಿದವರನ್ನು ಮತ್ತೊಮ್ಮೆ ಮರೆತಂತಾಗುತ್ತದೆ.

ಆದರೂ “ದೇವರು ಸುಮ್ಮನಿದ್ದುದೇಕೆ?” ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಪಣಜಿಯ ಫೊಂತೈನ್ಯಾಸ್‌ನಲ್ಲಿರುವ ಸಂತ ಸೆಬಾಸ್ಟಿಯನ್ನರ ಪ್ರಾರ್ಥನಾಲಯಕ್ಕೆ ಹೋಗಿ ಎಂದು ಮಾತ್ರ ಹೇಳಬಲ್ಲೆ. ದೊಡ್ಡ ಮನೆಯಲ್ಲಿದ್ದ ಶಿಲುಬೆ ಈಗ ಅಲ್ಲಿದೆ. ಅದರಲ್ಲಿ ಯೇಸುಸ್ವಾಮಿಯ ಕಣ್ಣುಗಳು ತೆರೆದಿವೆ. ಆರೋಪಿಗಳನ್ನು ಹೆದರಿಸಲೆಂದೇ ಹಾಗೆ ಮಾಡಿದ್ದರು ಎಂದು ಜನ ಹೇಳುತ್ತಾರೆ. ಆದರೆ ಯೇಸುಸ್ವಾಮಿಯ ಕಥೆಯನ್ನೇ ನೆನಪಿಸಿಕೊಳ್ಳಿ. ಧರ್ಮದ ಮುಖಂಡರು ಅವರನ್ನು ದೇವದೂಷಕನೆಂದು ತೀರ್ಮಾನಿಸಿ, ಕೊಲ್ಲುವ ಕೆಲಸವನ್ನು ಸರ್ಕಾರದ ಕೈಗೆ ಒಪ್ಪಿಸಿದರು. ಗೋವಾದಲ್ಲೂ ಆದದ್ದು ಇದೇ: ತೀರ್ಪು ಇನ್‌ಕ್ವಿಸಿಷನ್ನಿನದು, ಸುಡುವ ಕೆಲಸ ಸರ್ಕಾರದ್ದು. ಆ ಕೋಣೆಯಲ್ಲಿ ಕ್ರಿಸ್ತರನ್ನು ಹೋಲುತ್ತಿದ್ದವರು ಕುರ್ಚಿಯಲ್ಲಿ ಕುಳಿತವರಲ್ಲ, ಎದುರಿಗೆ ನಡುಗುತ್ತಾ ನಿಂತವರು. ನಾವು ನಂಬುವ ದೇವರು ದೂರದಿಂದ ನೋಡುತ್ತಾ ಕುಳಿತವರಲ್ಲ, ಆರೋಪಿಯ ಜಾಗದಲ್ಲೇ ಬಂದು ನಿಂತವರು. ಇದರಿಂದ ನೋವು ಅಳಿಯುವುದಿಲ್ಲ. ಆದರೆ ಆ ಕ್ರೌರ್ಯ ತಪ್ಪು ಎಂದು ನಮಗೆ ಹೇಳಿಕೊಡುವುದು ಇದೇ ಶಿಲುಬೆ.

ಅದೇ ಕಾಲದ ಇನ್ನೊಂದು ದಾರಿ

ದೊಡ್ಡ ಮನೆ ಇನ್ನೂ ನಡೆಯುತ್ತಿದ್ದಾಗ, 1651ರಲ್ಲಿ, ಬೆನಾವ್ಲಿಯಲ್ಲಿ ಹುಟ್ಟಿದವರು ಸಂತ ಜೋಸೆಫ್ ವಾಜ್. 1681ರಿಂದ ಮೂರು ವರ್ಷ ನಮ್ಮ ಕೆನರಾದಲ್ಲಿ ಚದುರಿಹೋಗಿದ್ದ ಕ್ರೈಸ್ತರ ಸೇವೆ ಮಾಡಿದರು. 1687ರಲ್ಲಿ ಬಡ ಕೂಲಿಯ ವೇಷದಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿ ಕಥೋಲಿಕರನ್ನು ಹಿಂಸಿಸುತ್ತಿದ್ದವರೂ ಕ್ರೈಸ್ತರೇ, ಡಚ್ಚರು. ಕೊನೆಗೆ ಅವರಿಗೆ ಆಶ್ರಯ ಕೊಟ್ಟವರು ಕ್ಯಾಂಡಿಯ ಬೌದ್ಧ ದೊರೆ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ, ವಾಜ್ ಗುರುಗಳು ಊರಲ್ಲೇ ಉಳಿದು ಜಾತಿ ಧರ್ಮ ನೋಡದೆ ಆರೈಕೆ ಮಾಡಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ವಾಜರ ಪುಣ್ಯದಿಂದ ಇನ್‌ಕ್ವಿಸಿಷನ್ನಿನ ಪಾಪ ವಜಾ ಆಗುವುದಿಲ್ಲ. ಲೆಕ್ಕ ಹಾಗೆ ನಡೆಯುವುದಿಲ್ಲ. ಆದರೆ ನಂಬಿಕೆ ಮನುಷ್ಯನನ್ನು ಕ್ರೂರಿಯನ್ನಾಗಿಯೇ ಮಾಡುತ್ತದೆ ಎಂಬ ಮಾತು ನಿಜವಲ್ಲ ಎಂಬುದಕ್ಕೆ ಅವರ ಬದುಕು ಸಾಕ್ಷಿ. ಕೈಯಲ್ಲಿ ಅಧಿಕಾರ ಹಿಡಿದ ನಂಬಿಕೆ ದೊಡ್ಡ ಮನೆ ಕಟ್ಟಿತು. ಬರಿಗೈಯಲ್ಲಿ ಹೋದ ನಂಬಿಕೆ ರೋಗಿಯ ಪಕ್ಕ ಕುಳಿತಿತು.

ಧರ್ಮಸಭೆಯೂ ಇದನ್ನು ಕಲಿಯಿತು, ತಡವಾಗಿಯಾದರೂ. ನಾಸ್ತಿಕತೆ ಬೆಳೆಯಲು ವಿಶ್ವಾಸಿಗಳ ನಡತೆಯೂ ಕಾರಣವಾಗಬಹುದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಒಪ್ಪಿಕೊಂಡಿತು. 2000ದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪೌಲರು, ಸತ್ಯವನ್ನು ಕಾಯುವ ಹೆಸರಿನಲ್ಲಿ ಕ್ರೈಸ್ತರು ಮಾಡಿದ ಪಾಪಗಳಿಗಾಗಿ ರೋಮ್‌ನಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು.

ನಮ್ಮ ಹುಡುಗ ಕೊನೆಗೆ ಗೆಳೆಯನಿಗೆ ಬರೆದದ್ದು ಇಷ್ಟೇ: “ನೀನು ಹೇಳಿದ್ದು ನಡೆದಿದೆ. ನನಗೂ ಅದು ನೋವು. ಮುಂದಿನ ಸಲ ಗೋವಾಕ್ಕೆ ಜೊತೆಯಲ್ಲೇ ಹೋಗೋಣ, ನಿನಗೊಂದು ಶಿಲುಬೆ ತೋರಿಸಬೇಕು.” ಗೆಳೆಯ ಬರುತ್ತೇನೆ ಎಂದಿದ್ದಾನೆ. ವಾದದಲ್ಲಿ ಗೆಲ್ಲುವುದಕ್ಕಿಂತ ಇದು ದೊಡ್ಡದು. ನಿಮ್ಮ ಗೆಳೆಯರು ಇಂಥ ಪ್ರಶ್ನೆ ಕೇಳಿದಾಗ ಸಿಟ್ಟಾಗಬೇಡಿ, ಸುಳ್ಳು ಹೇಳಬೇಡಿ. ಸತ್ಯಕ್ಕೆ ಹೆದರುವ ವಿಶ್ವಾಸ ಕ್ರಿಸ್ತರದಲ್ಲ.