ನಗರದ ಬೀದಿ ಯಾರದು?

ಬೆಳೆಯುವ ನಗರಕ್ಕೆ ಯಾವ ವಾಹನವು ಯೋಗ್ಯವೆಂಬ ಚರ್ಚೆ ಎದ್ದಾಗಲೆಲ್ಲ ಟ್ರಾಂ ಮೇಲು, ಬಸ್ಸು ಮೇಲು, ನೆಲದೊಳಗಿನ ರೈಲು ಮೇಲು ಎಂದು ಪಕ್ಷ ಕಟ್ಟಿಕೊಂಡು ವಾದಿಸುವುದು ವಾಡಿಕೆ. ಆದರೆ ಬೀದಿಯಲ್ಲಿ ಸ್ಥಳವು ಮೊದಲು ಯಾರಿಗೆ ಸಲ್ಲಬೇಕೆಂಬುದನ್ನು ಕೇಳುವವರು ವಿರಳ. ಮುಂಬಯಿಯ ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆಯ ತೂಕವು ತಿಳಿಯುತ್ತದೆ.

ಆ ನಗರದಲ್ಲಿ 1874ನೆಯ ಇಸವಿ ಮೇ 9ರಂದು ಕುದುರೆಗಳೆಳೆಯುವ ಟ್ರಾಂ ಗಾಡಿಯು ಕೊಲಾಬಾದಿಂದ ಪಾಯಧುನಿಗೆ ಓಡಿತು. 1907ರಲ್ಲಿ ಕುದುರೆಯ ಕೆಲಸವನ್ನು ವಿದ್ಯುಚ್ಛಕ್ತಿಯು ವಹಿಸಿಕೊಂಡಿತು. 1920ರಲ್ಲಿ ಎರಡಂತಸ್ತಿನ ಗಾಡಿಗಳೂ ಬಂದುವು. 1926ರ ಜುಲೈ 15ರಂದು ಮೋಟಾರು ಬಸ್ಸು ಹೊರಟಿತು. ಬಸ್ಸಿಗೆ ಹಳಿ ಬೇಡ, ತಂತಿ ಬೇಡ. ಊರು ಬೆಳೆದತ್ತ ತಾನೂ ತಿರುಗಬಲ್ಲುದು. ಟ್ರಾಮಿಗಾದರೋ ಹಳಿ ತನ್ನದು, ಹಾದಿ ತನ್ನದಲ್ಲ. ಮೋಟಾರುಗಳು ಹೆಚ್ಚಿದಂತೆಲ್ಲ ಅವುಗಳ ನಡುವೆ ಸಿಕ್ಕಿ ನಿಲ್ಲುವುದೇ ಅದರ ಪಾಡಾಯಿತು. ಪಕ್ಕಕ್ಕೆ ಸರಿದು ಮುಂದೆ ಹೋಗುವ ಉಪಾಯವೂ ಇಲ್ಲ. ಕೊನೆಗೆ 1964ರ ಮಾರ್ಚಿ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕಡೆಯ ಗಾಡಿ ಹೋಯಿತು. ಗಾಡಿ ತುಂಬ ಜನರನ್ನು ಹೊತ್ತ ಟ್ರಾಂ ದಾರಿಗೆ ಅಡ್ಡಿಯೆನಿಸಿತು. ಒಬ್ಬಿಬ್ಬರನ್ನು ಹೊತ್ತ ಮೋಟಾರು ಅಡ್ಡಿಯೆನಿಸಲಿಲ್ಲ! ಟ್ರಾಂ ಹೋದರೂ ಇಕ್ಕಟ್ಟು ಹೋಗಲಿಲ್ಲ. ಅದರ ಪಾಡೇ ಬಸ್ಸಿನ ಪಾಡೂ ಆಯಿತು.

ಬ್ರೆಜಿಲ್ ದೇಶದ ಕುರಿಟಿಬಾ ನಗರವು ಬೇರೆ ದಾರಿ ಹಿಡಿಯಿತು. ವಾಸ್ತುಶಿಲ್ಪಿ ಜೈಮಿ ಲರ್ನರ್ ಅವರು 1971ರಲ್ಲಿ ಅಲ್ಲಿನ ಮೇಯರಾದರು. ನೆಲದೊಳಗಿನ ರೈಲಿಗೆ ಬೇಕಾದಷ್ಟು ಹಣವಿರಲಿಲ್ಲ. ಆದುದರಿಂದ 1974ರಲ್ಲಿ ಮುಖ್ಯ ರಸ್ತೆಗಳ ನಡುಭಾಗವನ್ನೇ ಬಸ್ಸಿಗೆ ಮೀಸಲಿಟ್ಟರು. 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳಾದುವು. ಮೊದಲೇ ಹಣ ತೆತ್ತು, ಮೆಟ್ಟಿಲು ಹತ್ತದೆ ನೇರವಾಗಿ ಬಸ್ಸಿನೊಳಕ್ಕೆ ಕಾಲಿಡಬಹುದಾಯಿತು. ವಾಹನವು ಹಳೆಯದೇ, ಹಾದಿ ಮಾತ್ರ ಹೊಸದು.

ದೆಹಲಿಯು ಈ ಉಪಾಯವನ್ನು 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದಿನವರೆಗೆ, 5.8 ಕಿಲೋಮೀಟರು ದೂರ, ಪ್ರಯೋಗಿಸಿತು. ಕೂಡುರಸ್ತೆಗಳ ದೀಪವ್ಯವಸ್ಥೆಯಲ್ಲಿ ಲೋಪಗಳಿದ್ದುವು, ನಿಜ. ಆದರೆ ಕಾರಿನವರನ್ನು ಕೆರಳಿಸಿದುದು, ತಾವು ನಿಂತಿರುವಾಗ ಪಕ್ಕದಲ್ಲಿ ಬರಿದಾಗಿ ಕಾಣುತ್ತಿದ್ದ ಬಸ್ಸಿನ ಹಾದಿ. ಮೊಕದ್ದಮೆಯು ಉಚ್ಚನ್ಯಾಯಾಲಯದವರೆಗೂ ಹೋಗಿ 2012ರಲ್ಲಿ ವಜಾ ಆಯಿತು. ಆದರೂ 2016ರಲ್ಲಿ ಆ ಹಾದಿಯನ್ನು ಕಿತ್ತುಹಾಕಿದರು.

ನಮ್ಮ ಬೆಂಗಳೂರಿಗೆ 2011ರ ಅಕ್ಟೋಬರ್ 20ರಂದು ಮೆಟ್ರೋ ಬಂದಿತು. ಅದಕ್ಕೆ ಹಾದಿಯನ್ನು ಮೇಲಕ್ಕೆ ಎತ್ತಿಯೋ ಪಾತಾಳಕ್ಕೆ ಇಳಿಸಿಯೋ ಕಟ್ಟಿದುದರಿಂದ, ಬೀದಿಯನ್ನು ಬಿಟ್ಟುಕೊಡಿರೆಂದು ಕಾರಿನವರನ್ನು ಬೇಡುವ ಪ್ರಮೇಯ ಒದಗಲಿಲ್ಲ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೂ ಒಂದು ಸಾಲನ್ನು ಮೀಸಲಿಟ್ಟರು. ಮೆಟ್ರೋ ಕಾಮಗಾರಿಗೆಂದು ಬಳಿಕ ಅದನ್ನು ತೆಗೆದುಬಿಟ್ಟರು.